ಗಾಜಿನ ಪಕ್ಕದ ಟೇಬಲ್ಲು

ಅವನ ನಿಜವಾದ ಹೆಸರು ಆ ಬೀದಿಯಲ್ಲಿ ಯಾರಿಗೂ ಬೇಕಾಗಿರಲಿಲ್ಲ. ಬಿಸಿಯಣ್ಣ ಎಂದರೆ ಸಾಕು, ಆಡುವ ಮಕ್ಕಳೂ ಹೋಟೆಲಿನ ಕಡೆ ಕೈ ತೋರಿಸುತ್ತಿದ್ದವು. ಯಾರೇ ಒಳಗೆ ಕಾಲಿಡಲಿ, ಅವರು ಕೂರುವ ಮೊದಲೇ "ಬಿಸಿ ಇದೆ, ಕೂತ್ಕೊಳ್ಳಿ" ಎನ್ನುವುದು ಅವನ ಬಾಯಿಪಾಠ. ಏನು ಬಿಸಿ ಇದೆ ಎಂದು ಕೇಳುವ ಹಾಗಿಲ್ಲ, ಇದ್ದದ್ದೆಲ್ಲ ಬಿಸಿಯೇ. ಆರಿದ ಅನ್ನವನ್ನು ಗಿರಾಕಿಯ ಮುಂದಿಡುವುದಕ್ಕಿಂತ ಬಾಗಿಲು ಹಾಕಿಕೊಂಡು ಮನೆಗೆ ಹೋಗುವುದೇ ವಾಸಿ ಎಂದು ನಂಬಿದ ಮನುಷ್ಯ. ಮೂವತ್ತು ವರ್ಷ ಒಲೆಯ ಮುಂದೆ ನಿಂತು ಅವನ ಬೆರಳ ತುದಿಗಳು ಎಷ್ಟು ಮರಗಟ್ಟಿದ್ದವೆಂದರೆ, ಕುದಿಯುವ ಪಾತ್ರೆಯನ್ನು ಬಟ್ಟೆಯಿಲ್ಲದೆ ಎತ್ತಿ ಪಕ್ಕಕ್ಕಿಡುತ್ತಿದ್ದ. ನೋಡಿದವರು ಹೌಹಾರಿದರೆ ಅವನಿಗೆ ನಗು ಬರುತ್ತಿತ್ತು.

ಹೋಟೆಲ್ ಎಂದರೆ ದೊಡ್ಡದೇನಲ್ಲ. ರೈಲು ಡಬ್ಬಿಯ ಹಾಗೆ ಉದ್ದನೆಯ ಒಂದು ಕೋಣೆ. ಬೀದಿಯ ಕಡೆಗೆ ನೆಲದಿಂದ ಮೇಲಿನವರೆಗೂ ಗಾಜು. ಗಾಜಿಗೆ ಒತ್ತಿಕೊಂಡಂತೆ ಒಂದು ಟೇಬಲ್ಲು, ಅದರ ಹಿಂದೆ ಸಾಲಾಗಿ ಉಳಿದವು, ಕೊನೆಯಲ್ಲಿ ಅಡುಗೆಮನೆ. ಬಾಗಿಲ ಪಕ್ಕದ ಗಲ್ಲಾದಲ್ಲಿ ಅವನ ಹೆಂಡತಿ. ಚಿಲ್ಲರೆ ಇಲ್ಲ ಎನ್ನುವವರ ಮುಖವನ್ನು ಒಮ್ಮೆ ನೋಡಿದರೆ ಸಾಕು, ಅವರ ಜೇಬಿನಲ್ಲಿ ಚಿಲ್ಲರೆ ಇದೆಯೋ ಇಲ್ಲವೋ ಅವಳಿಗೆ ಗೊತ್ತಾಗುತ್ತಿತ್ತು. ಸಪ್ಲೈಯರ್ ಅವಳ ತಮ್ಮ. ಮದುವೆ ಆಗದೆ ಉಳಿದವನು, ಅಕ್ಕನ ಮನೆಯಲ್ಲೇ ಊಟ, ಅಕ್ಕನ ಹೋಟೆಲಲ್ಲೇ ಕೆಲಸ. ಭಾವನಿಗೆ ಎದುರಾಡುವ ಧೈರ್ಯವಿಲ್ಲ, ಅಕ್ಕನಿಗೆ ಎದುರಾಡುವ ಅಗತ್ಯ ಬಿದ್ದಿರಲಿಲ್ಲ.

ಹೋಟೆಲಿನ ಎದುರಿಗೆ ಬಸ್ ಸ್ಟಾಪು, ಅದರ ಹಿಂದೆ ಎತ್ತರದ ಆಫೀಸು ಕಟ್ಟಡ. ಮಧ್ಯಾಹ್ನವಾಯಿತೆಂದರೆ ಆ ಕಟ್ಟಡದಿಂದ ಜನ ದುಡುದುಡು ಇಳಿದು ಬರುತ್ತಿದ್ದರು. ಒಬ್ಬರು ಉಣ್ಣುತ್ತಿರುವಾಗಲೇ ಅವರ ಕುರ್ಚಿಯ ಹಿಂದೆ ಇನ್ನೊಬ್ಬರು ಬಂದು ನಿಂತು, ಎಲೆಕ್ಷನ್ನಿಗೆ ಟಿಕೆಟ್ ಸಿಕ್ಕವರ ಹಾಗೆ ಆ ಕುರ್ಚಿಯ ಬೆನ್ನು ಹಿಡಿದುಕೊಳ್ಳುತ್ತಿದ್ದರು. ಅದೆಲ್ಲ ಸೋಂಕಿನ ಕಾಲಕ್ಕೆ ಮುಂಚಿನ ಮಾತು.

ಬಿಸಿಯಣ್ಣನದೊಂದು ಪದ್ಧತಿ ಇತ್ತು. ಬೆಳಿಗ್ಗೆ ಬಂದ ಮೊದಲನೆಯ ಗಿರಾಕಿಯನ್ನು, ಅವನು ಎಲ್ಲಿ ಕೂರಲು ಹೊರಟಿರಲಿ, ಹೆಗಲು ಹಿಡಿದು ತಂದು ಗಾಜಿನ ಪಕ್ಕದ ಟೇಬಲ್ಲಿಗೆ ಕೂರಿಸಬೇಕು. ಎರಡನೆಯವನೂ ಅಲ್ಲೇ. ಅದು ತುಂಬಿದ ಮೇಲೆ ಒಳಗಿನ ಟೇಬಲ್ಲುಗಳು. ಜನ ಊಟ ನೋಡಿಕೊಂಡು ಒಳಗೆ ಬರುವುದಿಲ್ಲ, ಉಣ್ಣುವವರನ್ನು ನೋಡಿಕೊಂಡು ಬರುತ್ತಾರೆ ಎಂದು ಅವನಿಗೆ ಈ ಕಸುಬು ಕಲಿಸಿದ ಹಳೇ ಯಜಮಾನ ಹೇಳಿಕೊಟ್ಟಿದ್ದ. ಬೀದಿಯಿಂದ ನೋಡಿದವರ ಕಣ್ಣಿಗೆ ಮೊದಲು ಬೀಳುವ ಟೇಬಲ್ಲು ಖಾಲಿ ಇರಕೂಡದು. ಹೋಟೆಲಿನವನಿಗೆ ಅದು ಬಟ್ಟೆಯಿಲ್ಲದೆ ಬೀದಿಗೆ ಬಂದಷ್ಟೇ ನಾಚಿಕೆ. ಯಾರಾದರೂ ವ್ಯಾಪಾರ ಹೇಗಿದೆ ಎಂದು ಕೇಳಿದರೆ "ಚೆನ್ನಾಗಿ ನಡೀತಿದೆ" ಎನ್ನಬೇಕು. ಅದೂ ಆ ಯಜಮಾನನದೇ ಪಾಠ. ಈ ಎರಡನ್ನೂ ಬಿಸಿಯಣ್ಣ ಉಸಿರಾಡುವಷ್ಟು ಸಲೀಸಾಗಿ ಮಾಡುತ್ತಿದ್ದ.

ಆಮೇಲೆ ಸೋಂಕು ಬಂತು, ಎಲ್ಲ ಬಾಗಿಲು ಮುಚ್ಚಿತು. ಬಾಗಿಲು ತೆರೆಯಿರಿ ಎಂದು ಅಪ್ಪಣೆಯಾಗಿ ತೆರೆದು ನೋಡಿದರೆ ಎದುರಿನ ಕಟ್ಟಡವೇ ಖಾಲಿ. ಆಫೀಸಿನವರು ಮನೆಯಲ್ಲೇ ಕೂತು ಕೆಲಸ ಮಾಡುವುದನ್ನು ಕಲಿತುಬಿಟ್ಟಿದ್ದರು, ಮನೆಯಲ್ಲೇ ಉಣ್ಣುವುದನ್ನೂ. ಬಿಸಿಯಣ್ಣ ಎಂದಿನಂತೆ ಒಲೆ ಹಚ್ಚಿದ, ಅನ್ನ ಬೇಯಿಸಿದ, ತರಕಾರಿ ಹೆಚ್ಚಿದ, ಟೇಬಲ್ಲು ಒರೆಸಿದ. ಮಧ್ಯಾಹ್ನದವರೆಗೂ ನೊಣ ಹೊಡೆಯುತ್ತ ಕೂತ. ಗಾಜಿನ ಪಕ್ಕದ ಟೇಬಲ್ಲು ಬೀದಿಗೆಲ್ಲ ಕಾಣುವಂತೆ ಖಾಲಿ ಬಿದ್ದಿತ್ತು. ಅವನು ಅದನ್ನು ಒಮ್ಮೆ ನೋಡಿದ, ಇನ್ನೊಮ್ಮೆ ನೋಡಿದ, ಕೊನೆಗೆ ಭಾವಮೈದುನನನ್ನು ಕರೆದು, ಇಸ್ತ್ರಿ ಅಂಗಿ ಹಾಕಿಕೊಂಡು ಬಾ ಎಂದ.

ಅವತ್ತಿನಿಂದ ಸಪ್ಲೈಯರಿಗೆ ಗಿರಾಕಿಯಾಗಿ ಬಡ್ತಿ ಸಿಕ್ಕಿತು. ಗಾಜಿನ ಪಕ್ಕ ಕೂತು ನಿಧಾನವಾಗಿ ಉಣ್ಣುವುದೇ ಅವನ ಕೆಲಸ. ಬೆಳಗಿನ ಹೊತ್ತು ಒಂದು ಅಂಗಿ, ಮಧ್ಯಾಹ್ನ ಇನ್ನೊಂದು. ಅವನ ಹೊಟ್ಟೆ ಇನ್ನು ಆಗದು ಎಂದಾಗ ಅಕ್ಕ ಗಲ್ಲಾ ಬಿಟ್ಟು ಬಂದು, ಎಲ್ಲಿಗೋ ಹೊರಟವಳ ಹಾಗೆ ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಚಹಾ ಕುಡಿಯುತ್ತ ಕೂರುತ್ತಿದ್ದಳು. ಕರೆಂಟು ಉಳಿಯಲಿ ಎಂದು ಒಳಗಿನ ದೀಪಗಳನ್ನೆಲ್ಲ ಆರಿಸಿ ಗಾಜಿನ ಪಕ್ಕದ ಒಂದನ್ನೇ ಹಚ್ಚಿರುತ್ತಿದ್ದರು. ಹೊರಗಿನಿಂದ ನೋಡಿದವರಿಗೆ ಆ ಟೇಬಲ್ಲು ಮಾತ್ರ ಕಾಣಬೇಕು, ಅದರ ಹಿಂದಿನ ಕತ್ತಲಲ್ಲಿ ಎಷ್ಟು ಜನ ಇದ್ದಾರೋ ಎಂದುಕೊಳ್ಳಬೇಕು. ಆ ವರ್ಷ ಬೀದಿಯಲ್ಲಿ ಎಲ್ಲರೂ ಸೊರಗಿದರು, ಭಾವಮೈದುನ ಒಬ್ಬ ದಪ್ಪಗಾದ.

ಮೊದಮೊದಲು ಇದರಲ್ಲಿ ಒಂದು ತಮಾಷೆ ಇತ್ತು. ಬರುಬರುತ್ತ ಯಾರಿಗೂ ನಗು ಬರಲಿಲ್ಲ. ಬಂದವರು ಬೆರಳೆಣಿಕೆಯ ಜನ, ಅವರಲ್ಲೂ ಅರ್ಧ ನೀರು ಕೇಳಲು ಬಂದವರು. ಬಾಡಿಗೆ ಕೊಡಲಾಗದೆ ಕಟ್ಟಡದ ಮಾಲೀಕನ ಹತ್ತಿರವಿದ್ದ ಮುಂಗಡದಲ್ಲೇ ಮುರಿದುಕೊಳ್ಳಿ ಎಂದು ಹೇಳಿದ್ದಾಯಿತು. ಮುಂಗಡ ಮುಗಿದ ದಿನ ಜಾಗ ಬಿಡಬೇಕು ಎಂದು ಮಾಲೀಕ ಮುಖಕ್ಕೆ ಹೊಡೆದಂತೆ ಹೇಳಿಬಿಟ್ಟಿದ್ದ. ಬಿಸಿಯಣ್ಣ ಕೇಳಿಸಿಕೊಂಡು ಒಲೆಯ ಕಡೆ ತಿರುಗಿದ್ದ. ಅವನಿಗೆ ಸಿಟ್ಟೂ ಬರುತ್ತಿರಲಿಲ್ಲ, ಭಯವೂ ಆಗುತ್ತಿರಲಿಲ್ಲ. ಬೆಳಿಗ್ಗೆ ಎದ್ದು ಒಲೆ ಹಚ್ಚುತ್ತಿದ್ದ, ಸಂಜೆ ಆರಿಸುತ್ತಿದ್ದ. ಬೆರಳ ತುದಿಯ ಮರಗಟ್ಟುವಿಕೆ ಮೇಲೇರುತ್ತ ಏರುತ್ತ ಎದೆಯವರೆಗೂ ಬಂದಿದೆಯೇನೋ ಎಂದು ಹೆಂಡತಿಗೆ ಅನ್ನಿಸುತ್ತಿತ್ತು.

ಅಂಥ ಹೊತ್ತಿನಲ್ಲಿ ಸರ್ಕಾರದ ಘೋಷಣೆ ಬಂತು. ಸಂಕಷ್ಟದಲ್ಲಿರುವ ಹೋಟೆಲುಗಳಿಗೆ, ಸಣ್ಣಪುಟ್ಟ ಅಂಗಡಿಗಳಿಗೆ ಪರಿಹಾರ ಕೊಡುತ್ತಾರಂತೆ, ಅದು ಸಾಲವಲ್ಲವಂತೆ, ತಿರುಗಿ ಕೊಡಬೇಕಿಲ್ಲವಂತೆ. ಬೀದಿಯವರೆಲ್ಲ ಅರ್ಜಿ ಹಾಕಿದರು. ಪಕ್ಕದ ಟೈಲರ್ ಹಾಕಿದ, ಅವನಾಚೆಯ ಕಟಿಂಗ್ ಶಾಪಿನವನು ಹಾಕಿದ, ಭಾವಮೈದುನ ಮೊಬೈಲಿನಲ್ಲೇ ಒತ್ತಿ ಒತ್ತಿ ಹೋಟೆಲಿನ ಪರವಾಗಿ ಹಾಕಿದ. ಆ ದುಡ್ಡು ಬಂದರೆ ಬಾಡಿಗೆ ಬಾಕಿ ತೀರುತ್ತದೆ, ಆಫೀಸಿನವರು ವಾಪಸು ಬರುವವರೆಗೆ ಜೀವ ಹಿಡಿದುಕೊಂಡಿರಬಹುದು. ಬರದಿದ್ದರೆ ಹೋಟೆಲು ಇಲ್ಲ. ಲೆಕ್ಕ ಅಷ್ಟು ಸರಳವಾಗಿತ್ತು. ಕೊಡುವ ಮೊದಲು ಒಬ್ಬ ಅಧಿಕಾರಿ ಬಂದು ಕಣ್ಣಾರೆ ನೋಡಿಕೊಂಡು ಹೋಗುತ್ತಾನೆ ಎಂದು ಮೊಬೈಲಿಗೆ ಸುದ್ದಿ ಬಂತು. ಇಂಥ ದಿನ ಬರುತ್ತಾನೆ ಎಂಬುದೂ ಗೊತ್ತಾಯಿತು.

ಅದನ್ನು ಕೇಳಿದ್ದೇ ತಡ, ಎಷ್ಟೋ ತಿಂಗಳಿಂದ ಕಲ್ಲಿನ ಹಾಗಿದ್ದ ಬಿಸಿಯಣ್ಣನಿಗೆ ಜೀವ ಬಂತು. ಸುಣ್ಣ ತರಿಸಿದ. ಅಡುಗೆಮನೆಯ ಗೋಡೆಯ ಜಿಡ್ಡನ್ನು ಕೆರೆದು ತೆಗೆದ. ಗಾಜನ್ನು ಹಳೇ ಪೇಪರಿನಿಂದ ಒರೆಸಿ, ಊದಿ, ಮತ್ತೆ ಒರೆಸಿದ. ಟೈಲರಿಗೂ ಕಟಿಂಗ್ ಶಾಪಿನವನಿಗೂ, ಅವತ್ತು ಮಧ್ಯಾಹ್ನ ಮನೆಮಂದಿಯನ್ನೆಲ್ಲ ಕರೆದುಕೊಂಡು ಊಟಕ್ಕೆ ಬನ್ನಿ, ದುಡ್ಡಿನ ಮಾತು ಬೇಡ, ಹೋಟೆಲು ತುಂಬಿರಬೇಕು ಎಂದು ಹೇಳಿ ಬಂದ. ಅವರು ಇನ್ನಷ್ಟು ಜನಕ್ಕೆ ಹೇಳಿದರು.

ಹೆಂಡತಿಗೆ ಇದು ಸರಿಕಾಣಲಿಲ್ಲ. ಅವಳು ಗಲ್ಲಾದಿಂದ ಎದ್ದು ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು.

"ಅಲ್ಲ ರೀ, ಕಷ್ಟದಲ್ಲಿದೀವಿ ಅಂತ ತಾನೇ ದುಡ್ಡು ಕೊಡೋದು? ಇರೋ ಹಾಗೇ ನೋಡ್ಕೊಂಡು ಹೋಗ್ಲಿ ಬಿಡಿ."

"ಇವಳೇ, ನಿಂಗೆ ಗೊತ್ತಾಗಲ್ಲ," ಎಂದ ಬಿಸಿಯಣ್ಣ. "ಸತ್ತ ಅಂಗಡಿಗೆ ಯಾರಾದ್ರೂ ದುಡ್ಡು ಸುರೀತಾರಾ? ಇದು ಎದ್ದು ನಿಲ್ಲುತ್ತೆ ಅಂತ ಅನ್ನಿಸಬೇಕು. ಬ್ಯಾಂಕಿನವನು ಬಂದಾಗ ಏನಾಯ್ತು, ಮರೆತ್ಯಾ?"

ಅವಳು ಮರೆತಿರಲಿಲ್ಲ. ಹೋಟೆಲು ಶುರುವಾದ ಹೊಸತರಲ್ಲಿ ಸಾಲಕ್ಕೆ ಅರ್ಜಿ ಹಾಕಿದಾಗ ಬ್ಯಾಂಕಿನ ಮನುಷ್ಯ ನೋಡಲು ಬಂದಿದ್ದ. ಅವತ್ತೂ ನೆಂಟರಿಷ್ಟರನ್ನೆಲ್ಲ ತುಂಬಿಸಿ ಕೂರಿಸಿದ್ದರು. ಅವಳ ತಾಯಿಯೇ ಯಾರೋ ಅಪರಿಚಿತಳ ಹಾಗೆ ಕೂತು, ಊಟ ಬಹಳ ರುಚಿಯಾಗಿದೆ ಎಂದು ಜೋರಾಗಿ ಹೊಗಳಿದ್ದಳು. ಸಾಲ ಆ ವಾರವೇ ಬಂದಿತ್ತು. ಆದರೆ ಸಾಲ ಬೇರೆ, ಪರಿಹಾರ ಬೇರೆ ಎಂದು ಅವಳಿಗೆ ಒಳಗೊಳಗೇ ಅನ್ನಿಸುತ್ತಿತ್ತು. ಅದನ್ನು ಬಿಡಿಸಿ ಹೇಳಲು ಹೋದಳು, ಅವನು ಕೇಳಿಸಿಕೊಳ್ಳಲಿಲ್ಲ. ನಿಜ ಹೇಳಬೇಕೆಂದರೆ ಬ್ಯಾಂಕಿನ ಮಾತೂ ಒಂದು ನೆಪ. ಹೊರಗಿನ ಮನುಷ್ಯನೊಬ್ಬ ಒಳಗೆ ಬಂದು, ತನ್ನ ಖಾಲಿ ಕುರ್ಚಿಗಳನ್ನು ಒಂದೊಂದಾಗಿ ನೋಡುವುದನ್ನು ಅವನಿಂದ ತಡೆದುಕೊಳ್ಳಲು ಆಗುತ್ತಿರಲಿಲ್ಲ. ಹೊಟ್ಟೆಗಿಲ್ಲದಿದ್ದರೂ ಸೈ, ಕುರ್ಚಿ ಖಾಲಿ ಕಾಣಬಾರದು. ಇಂಥ ಹಟಕ್ಕೆ ಏನು ಔಷಧಿಯೋ ಕಾಣೆ.

ಆ ದಿನ ಬಂತು. ಬಿಸಿಯಣ್ಣ ಕೋಳಿ ಕೂಗುವ ಮುಂಚೆಯೇ ಎದ್ದು ಅಡುಗೆಗೆ ನಿಂತಿದ್ದ. ಮಧ್ಯಾಹ್ನದ ಹೊತ್ತಿಗೆ ಟೈಲರ್ ಹೆಂಡತಿ ಮಕ್ಕಳೊಂದಿಗೆ ಬಂದು ಗಾಜಿನ ಪಕ್ಕದ ಟೇಬಲ್ಲು ಹಿಡಿದ. ಕಟಿಂಗ್ ಶಾಪಿನವನು ತನ್ನ ಮುದಿ ತಂದೆಯನ್ನು ಕೈಹಿಡಿದು ಕರೆತಂದ. ಬೀಗ ರಿಪೇರಿಯವನು, ಸೈಕಲ್ ಅಂಗಡಿಯವನು, ಅವನ ತಂಗಿ, ತಂಗಿಯ ಗಂಡ, ಹೀಗೆ ಇಡೀ ಬೀದಿ ತಂತಮ್ಮ ಶಟರ್ ಎಳೆದು ಬಂದು ಕೂತುಬಿಟ್ಟಿತು. ಎಷ್ಟೋ ಕಾಲದ ಮೇಲೆ ಹೋಟೆಲಿನ ಎಲ್ಲ ದೀಪ ಹತ್ತಿತ್ತು. ತಟ್ಟೆ ಲೋಟಗಳ ಸದ್ದು, ಮಕ್ಕಳ ಗಲಾಟೆ, ಇನ್ನೊಂಚೂರು ಹಾಕು ಎನ್ನುವ ಕೂಗು. ಭಾವಮೈದುನ ಗಿರಾಕಿಯ ಅಂಗಿ ಕಳಚಿಟ್ಟು ಸಪ್ಲೈಯರಿನ ಅಂಗಿ ಹಾಕಿಕೊಂಡ, ಅದರ ಗುಂಡಿ ಹೊಟ್ಟೆಯ ಮೇಲೆ ಕೂಡಿಕೊಳ್ಳಲೇ ಇಲ್ಲ. ಬಿಸಿಯಣ್ಣ ಒಲೆಯ ಮುಂದಿನಿಂದ ಕತ್ತು ಚಾಚಿ ತುಂಬಿದ ಟೇಬಲ್ಲುಗಳನ್ನು ನೋಡಿದ. ಇದು ನಿಜವಲ್ಲ ಎಂಬುದು ಅವನಿಗೆ ಒಂದು ಗಳಿಗೆ ಮರೆತೇಹೋಯಿತು. ಖುಷಿಯಾಯಿತು ಅವನಿಗೆ, ಮಗುವಿಗೆ ಆಗುವಷ್ಟು.

ಅಧಿಕಾರಿ ಬಂದದ್ದು ಯಾರಿಗೂ ತಿಳಿಯಲಿಲ್ಲ. ಹೆಗಲಿಗೊಂದು ಬ್ಯಾಗು ಹಾಕಿಕೊಂಡ ಎಳೆಯ ವಯಸ್ಸಿನವನು. ಊಟಕ್ಕೆ ಬಂದವನಿರಬೇಕೆಂದು ಭಾವಮೈದುನ ಅವನಿಗೆ, ಜಾಗ ಇಲ್ಲ ಸಾರ್, ಸ್ವಲ್ಪ ನಿಂತ್ಕೊಳ್ಳಿ ಎಂದ. ಪಾಪ, ಅವನು ಗೋಡೆಗೆ ಒರಗಿಕೊಂಡು ನಿಂತ. ಕಟಿಂಗ್ ಶಾಪಿನವನ ತಂದೆ ಹಲ್ಲಿಲ್ಲದ ಬಾಯಲ್ಲಿ ಒಂದೊಂದೇ ತುತ್ತು ಮೆಲ್ಲುವುದನ್ನು ಬಹಳ ಹೊತ್ತು ನೋಡುತ್ತ ನಿಂತು, ಆಮೇಲೆ ಗಲ್ಲಾಕ್ಕೆ ಹೋಗಿ ತನ್ನ ಗುರುತಿನ ಚೀಟಿ ತೋರಿಸಿದ. ಗಲ್ಲಾದಲ್ಲಿದ್ದವಳು ಎದ್ದು ನಿಂತಳು. ಕೂಗಿ ಗಂಡನನ್ನು ಕರೆದಳು.

ಬಿಸಿಯಣ್ಣ ಕೈ ಒರೆಸಿಕೊಳ್ಳುತ್ತ ಓಡಿಬಂದ. ಯಾರನ್ನೋ ಎಬ್ಬಿಸಿ ಅಧಿಕಾರಿಯನ್ನು ಕೂರಿಸಿದ, ಬಿಸಿ ಇದೆ ಎಂದ, ಬೇಡ ಬೇಡ ಎಂದರೂ ಬಿಡದೆ ತಟ್ಟೆ ತುಂಬ ಬಡಿಸಿದ. ಅವನು ಹಸಿದಿದ್ದನೋ ಏನೋ, ತಲೆ ಎತ್ತದೆ ಉಂಡ. ಬೆರಳನ್ನೂ ನೆಕ್ಕಿದ. ಆಮೇಲೆ ಮೊಬೈಲು ತೆಗೆದಿಟ್ಟುಕೊಂಡು, ಒಳ್ಳೆಯ ಮನಸ್ಸಿನಿಂದಲೇ ಕೇಳಿದ.

"ಹೇಗಿದೆ ಯಜಮಾನ್ರೇ ವ್ಯಾಪಾರ?"

"ಚೆನ್ನಾಗಿ ನಡೀತಿದೆ ಸಾರ್," ಎಂದ ಬಿಸಿಯಣ್ಣ. ಯೋಚಿಸಿ ಹೇಳಿದ ಮಾತಲ್ಲ. ಮೂವತ್ತು ವರ್ಷದಿಂದ ಆ ಪ್ರಶ್ನೆಗೆ ಆ ಬಾಯಿಂದ ಬೇರೆ ಉತ್ತರ ಹೊರಟದ್ದಿಲ್ಲ.

ಅಧಿಕಾರಿ ಸುತ್ತ ಒಮ್ಮೆ ನೋಡಿದ. ಹೆಂಡತಿಗೆ ತಡೆಯಲಾಗಲಿಲ್ಲ. ಗಲ್ಲಾದಿಂದಲೇ ಬಾಯಿಹಾಕಿದಳು.

"ಸಾರ್, ಇವತ್ತೊಂದು ದಿನ..."

ಬಿಸಿಯಣ್ಣ ಅವಳ ಮಾತನ್ನು ಅಲ್ಲೇ ತುಂಡರಿಸಿದ. ಅವಳು ಏನು ಹೇಳಲು ಹೊರಟಿದ್ದಾಳೆಂದು ಅವನಿಗೆ ಗೊತ್ತಿತ್ತು. ಬೀದಿಯ ಜನರೆಲ್ಲ ತಟ್ಟೆಯ ಮೇಲೆ ಕೈಯಿಟ್ಟುಕೊಂಡು ಕೇಳಿಸಿಕೊಳ್ಳುತ್ತಿದ್ದರು.

"ಹೌದು ಸಾರ್, ಇವತ್ತೊಂದು ದಿನ ಸ್ವಲ್ಪ ಕಮ್ಮಿ," ಎಂದ. "ಬೇರೆ ದಿನ ಆಗಿದ್ರೆ ನಿಮಗೆ ನಿಲ್ಲೋಕೂ ಜಾಗ ಸಿಗ್ತಿರಲಿಲ್ಲ."

ಅಧಿಕಾರಿ ನಕ್ಕ. ಬಹಳ ಸಂತೋಷ ಎಂದ, ಊಟದ ದುಡ್ಡನ್ನು ಒತ್ತಾಯ ಮಾಡಿ ಗಲ್ಲಾದಲ್ಲಿಟ್ಟ, ಹೋಗುವಾಗ ಮೊಬೈಲು ಎತ್ತಿ ತುಂಬಿದ ಹೋಟೆಲಿನದೊಂದು ಫೋಟೋ ತೆಗೆದುಕೊಂಡ. ಟೈಲರಿನ ಮಕ್ಕಳು ಫೋಟೋಕ್ಕೆ ಹಲ್ಲು ಕಿರಿದರು. ಬಾಗಿಲಲ್ಲಿ ನಿಂತು, ಈ ಪಕ್ಕದ ಟೈಲರ್ ಅಂಗಡಿ, ಕಟಿಂಗ್ ಶಾಪು ಹಗಲು ಹೊತ್ತಿನಲ್ಲೇ ಮುಚ್ಚಿವೆಯಲ್ಲ, ಅವರ ಗತಿ ಏನು ಎಂದು ಕೇಳಿದ. ಟೈಲರ್ ಬಾಯಲ್ಲಿ ತುತ್ತು ಇಟ್ಟುಕೊಂಡು ಎದ್ದು ನಿಂತ. ಕಟಿಂಗ್ ಶಾಪಿನವನೂ ಎದ್ದ. ಅವು ನಮ್ಮವೇ ಸಾರ್, ನಡೀತಿಲ್ಲ ಸಾರ್ ಎಂದರು ಇಬ್ಬರೂ. ಅವರು ಸುಳ್ಳು ಹೇಳಲಿಲ್ಲ. ಅಧಿಕಾರಿ ಲೊಚಗುಟ್ಟಿ, ಬರೆದುಕೊಂಡು ಹೋದ.

ಅವತ್ತು ಸಂಜೆ ಬಿಸಿಯಣ್ಣ ಗೆದ್ದವನ ಹಾಗೆ ಓಡಾಡಿದ. ಅಧಿಕಾರಿ ತಟ್ಟೆಯಲ್ಲಿ ಒಂದಗುಳೂ ಬಿಡಲಿಲ್ಲ ನೋಡಿದೆಯಾ ಎಂದು ಭಾವಮೈದುನನಿಗೆ ಹತ್ತು ಸಲ ಹೇಳಿದ. ಹೆಂಡತಿ ಪಾತ್ರೆ ಒರೆಸುತ್ತ ಇದ್ದಳು.

ಉತ್ತರ ಕೆಲವು ವಾರ ಕಳೆದು ಬಂತು. ಮೊಬೈಲನ್ನು ಓದುವವನು ಭಾವಮೈದುನ. ಅವನು ಗಾಜಿನ ಪಕ್ಕ ಗಿರಾಕಿಯಾಗಿ ಕೂತಿದ್ದವನು ತಟ್ಟೆ ಬಿಟ್ಟು ಎದ್ದು ಅಡುಗೆಮನೆಗೆ ಬಂದ. ವ್ಯಾಪಾರ ಸುಸ್ಥಿತಿಯಲ್ಲಿ ಇರುವುದು ಪರಿಶೀಲನೆಯಿಂದ ಕಂಡುಬಂದಿದೆಯಂತೆ, ಆದಕಾರಣ ಪರಿಹಾರ ಇಲ್ಲವಂತೆ. ಭಾವನ ಮುಖ ನೋಡಲಾಗದೆ ಮೊಬೈಲಿನ ಮುಖವನ್ನೇ ನೋಡುತ್ತ ಓದಿ ಹೇಳಿದ.

ಬಿಸಿಯಣ್ಣ ಈರುಳ್ಳಿ ಹೆಚ್ಚುತ್ತಿದ್ದ.

"ಸರಿ ಬಿಡು," ಎಂದ.

ಹೆಚ್ಚುವುದನ್ನು ನಿಲ್ಲಿಸಲಿಲ್ಲ. ಯಾರೂ ಬರದ ಹೋಟೆಲಿಗೆ ಎಷ್ಟು ಈರುಳ್ಳಿ ಬೇಕು? ಅವನು ಇದ್ದಬದ್ದ ಈರುಳ್ಳಿಯನ್ನೆಲ್ಲ ಹೆಚ್ಚಿ ರಾಶಿ ಹಾಕಿದ. ಕಣ್ಣಲ್ಲಿ ನೀರು ಬರಲಿಲ್ಲ, ಅದು ಹಳೇ ಅಭ್ಯಾಸ, ಈರುಳ್ಳಿಗೆ ಅವನ ಕಣ್ಣು ಎಂದೋ ಒಗ್ಗಿಹೋಗಿತ್ತು. ಹೆಂಡತಿ ಬಂದು ಚಾಕುವನ್ನು ಅವನ ಕೈಯಿಂದ ಮೆಲ್ಲಗೆ ತೆಗೆದುಕೊಂಡಾಗ ಬೆರಳು ಕುಯ್ದುಹೋಗಿರುವುದು ಕಾಣಿಸಿತು. ರಕ್ತ ಬಂದಿದೆಯಲ್ಲ ಎಂದಳು. ಹೌದಾ ಎಂದ. ಅವಳು ಬಟ್ಟೆ ಕಟ್ಟುವಾಗ ಇನ್ನಾರದೋ ಕೈ ನೋಡುವ ಹಾಗೆ ನೋಡುತ್ತಿದ್ದ. ನಾನು ಅವತ್ತೇ ಹೇಳಿದೆ ಎಂದು ಅವಳು ಹೇಳಬಹುದಿತ್ತು. ಹೇಳಲಿಲ್ಲ. ಹೇಳಿದ್ದರೆ ಅವನಿಗೆ ಒಂದಿಷ್ಟು ಸಿಟ್ಟಾದರೂ ಬರುತ್ತಿತ್ತೇನೋ.

ಮೇಲಿನವರಿಗೆ ಇನ್ನೊಂದು ಅರ್ಜಿ ಹಾಕಬಹುದಂತೆ, ಮತ್ತೆ ಯಾರಾದರೂ ಬಂದು ನೋಡುತ್ತಾರಂತೆ ಎಂದು ಭಾವಮೈದುನ ತಂದ ಸುದ್ದಿಗೂ ಅವನು ಸರಿ ಬಿಡು ಎಂದ. ಅರ್ಜಿ ಹಾಕಿದ್ದೂ ಆಯಿತು. ತುಂಬಿದ ಹೋಟೆಲಿನ ಫೋಟೋ ಅವರ ಹತ್ತಿರವಿತ್ತು, ಚೆನ್ನಾಗಿ ನಡೀತಿದೆ ಎಂದ ಮಾಲೀಕನ ಮಾತೂ ಅವರ ಹತ್ತಿರವಿತ್ತು. ಯಾರೂ ಬರಲಿಲ್ಲ.

ಟೈಲರಿಗೆ ದುಡ್ಡು ಬಂತು. ಕಟಿಂಗ್ ಶಾಪಿನವನಿಗೂ ಬಂತು. ಇಬ್ಬರೂ ಕೆಲವು ದಿನ ಹೋಟೆಲಿನ ಮುಂದೆ ಹಾಯುವಾಗ ನೆಲ ನೋಡಿಕೊಂಡು ಹೋದರು. ಆಮೇಲೆ ಒಂದು ಬೆಳಿಗ್ಗೆ ಕಟಿಂಗ್ ಶಾಪಿನವನು ಒಬ್ಬನೇ ಬಂದ. ಬೇಡವೆಂದರೂ ಬಿಸಿಯಣ್ಣ ಅವನನ್ನು ಗಾಜಿನ ಪಕ್ಕ ಕೂರಿಸಿದ. ಅವನು ಬಹಳ ಹೊತ್ತು ಚಹಾ ಲೋಟವನ್ನು ತಿರುಗಿಸುತ್ತ ಕೂತು, ನಿನ್ನ ಊಟ ಉಣ್ಣೋಕೆ ಅಂತ ಶಟರ್ ಎಳೆದು ಬಂದಿದ್ದಕ್ಕೆ ನಮಗೆ ಸಿಕ್ಕ ದುಡ್ಡಣ್ಣ ಇದು, ನಾನೂ ಟೈಲರೂ ಮಾತಾಡ್ಕೊಂಡಿದೀವಿ, ಇದರಲ್ಲಿ ನಿಂದೂ ಒಂದು ಪಾಲು ಇಟ್ಕೋ ಎಂದು ತಡವರಿಸುತ್ತ ಹೇಳಿದ. ಒಳ್ಳೆಯ ಮನುಷ್ಯ. ಬಿಸಿಯಣ್ಣ ಅವನ ಬೆನ್ನು ತಟ್ಟಿದ. ನಮಗೇನು ಕಡಿಮೆ, ಇನ್ನೊಂದು ಕಡೆ ದೊಡ್ಡ ಜಾಗ ನೋಡ್ತಾ ಇದೀನಿ, ಇದು ಸಾಕಾಗ್ತಿಲ್ಲ ಎಂದುಬಿಟ್ಟ. ಗಲ್ಲಾದಲ್ಲಿ ಕೂತಿದ್ದ ಹೆಂಡತಿ ಕಣ್ಣು ಮುಚ್ಚಿಕೊಂಡಳು. ಕಟಿಂಗ್ ಶಾಪಿನವನು ಅದನ್ನು ನಂಬಿದನೋ, ನಂಬಲು ಅನುಕೂಲವಾಯಿತೋ, ಅಂತೂ ಹಗುರಾಗಿ ಎದ್ದುಹೋದ.

ಮುಂಗಡ ಮುಗಿಯಿತು. ಕಟ್ಟಡದ ಮಾಲೀಕ ಹೇಳಿದ ಹಾಗೆಯೇ ಮಾಡಿದ. ಹಾಗೆ ನೋಡಿದರೆ ಅವನದೂ ತಪ್ಪಲ್ಲ, ಹೋಟೆಲು ತುಂಬಿರುತ್ತದೆ, ಬಾಡಿಗೆ ಮಾತ್ರ ಕೊಡಲು ಕೈ ಬರುವುದಿಲ್ಲ ಎಂದು ಅವನೂ ತಿಳಿದಿದ್ದ.

ಖಾಲಿ ಮಾಡುವ ದಿನ ಹಳೇ ಸಾಮಾನಿನವನು ಗಾಡಿ ತಂದ. ಬಾಗಿಲಿಗೆ ಹತ್ತಿರವಿದ್ದದ್ದರಿಂದ ಗಾಜಿನ ಪಕ್ಕದ ಟೇಬಲ್ಲೇ ಮೊದಲು ಗಾಡಿ ಹತ್ತಿತು. ಅದರ ನಾಲ್ಕು ಕಾಲು ನೆಲದಲ್ಲಿ ನಾಲ್ಕು ಗುಂಡಗಿನ ಕಲೆ ಬಿಟ್ಟಿದ್ದವು. ಹೆಂಡತಿ ಅವನ್ನು ಒರೆಸಲು ಹೋದಳು, ಕಲೆ ಹೋಗಲಿಲ್ಲ. ಆಮೇಲೆ ಉಳಿದ ಟೇಬಲ್ಲು, ಕುರ್ಚಿ, ದೊಡ್ಡ ಪಾತ್ರೆಗಳು. ಒಲೆಯ ಪೈಪು ಬಿಚ್ಚಿದ್ದಾಯಿತು. ಮೂಲೆಮೂಲೆಯಲ್ಲಿ ಬಿದ್ದದ್ದು ಕಾಣಲಿ ಎಂದು ಎಲ್ಲ ದೀಪ ಹಚ್ಚಿದ್ದರು. ಬೀದಿಯಿಂದ ನೋಡಿದರೆ ಗಾಜಿನಿಂದ ಹಿಡಿದು ಅಡುಗೆಮನೆಯ ಗೋಡೆಯವರೆಗೂ ಎಲ್ಲ ಬಟ್ಟಬಯಲು. ಮೊದಲಾಗಿದ್ದರೆ ಬಿಸಿಯಣ್ಣ ನಾಚಿಕೆಯಿಂದ ನೆಲಕ್ಕಿಳಿದು ಹೋಗುತ್ತಿದ್ದ. ಈಗ ಅವನಿಗೆ ಏನೂ ಅನ್ನಿಸುತ್ತಿರಲಿಲ್ಲ. ಮಾರಾಟವಾಗದೆ ಉಳಿದ ಒಂದು ಕುರ್ಚಿಯ ಮೇಲೆ ಕೂತು, ಭಾವಮೈದುನ ಲೋಟಗಳನ್ನು ಪೇಪರಿನಲ್ಲಿ ಸುತ್ತುವುದನ್ನು ನೋಡುತ್ತಿದ್ದ. ಹೆಂಡತಿ ಒಳಗೆ ಅಡುಗೆಮನೆಯ ಕಟ್ಟೆ ತೊಳೆಯುತ್ತಿದ್ದಳು, ಬಿಟ್ಟುಹೋಗುವ ಕಟ್ಟೆಯನ್ನು.

ಆಗ ಬಸ್ ಸ್ಟಾಪಿನ ಕಡೆಯಿಂದ ಒಬ್ಬಳು ಹೆಣ್ಣುಮಗಳು ರಸ್ತೆ ದಾಟಿ ಬಂದಳು. ಕೆಲಸ ಮುಗಿಸಿ ಮನೆಗೆ ಹೊರಟವಳು ಇರಬೇಕು, ಕೊರಳಲ್ಲಿ ಯಾವುದೋ ಆಸ್ಪತ್ರೆಯ ಗುರುತಿನ ಚೀಟಿ ಇನ್ನೂ ನೇತಾಡುತ್ತಿತ್ತು. ಹಿಂದೆ ಅದೇ ಥರದ ಚೀಟಿ ಹಾಕಿಕೊಂಡ ನಾಲ್ಕೈದು ಜನ ಸ್ಟಾಪಿನಲ್ಲೇ ನಿಂತು ಇವಳನ್ನೇ ನೋಡುತ್ತಿದ್ದರು, ಏನಾಯಿತು ಹೇಳು ಎನ್ನುವಂತೆ. ಅವಳು ಬಾಗಿಲಲ್ಲಿ ತಲೆ ಹಾಕಿ, ಒಳಗೆ ಬರಬಹುದಾ ಎಂದಳು.

ಬಿಸಿಯಣ್ಣ ಎದ್ದು ನಿಂತ. ಕಾಲು ತಾನಾಗಿ ಎದ್ದದ್ದು. 'ಬಿಸಿ ಇದೆ' ಎಂಬುದು ನಾಲಿಗೆಯ ತುದಿಗೆ ಬಂತು, ಅಲ್ಲೇ ನಿಂತಿತು.

"ಅಬ್ಬಾ, ಇವತ್ತಾದ್ರೂ ಜಾಗ ಇದೆಯಲ್ಲ ಅಣ್ಣ," ಎಂದಳು ಅವಳು. "ನಾವು ದಿನಾ ಇಲ್ಲೇ ಬಸ್ ಬದಲಾಯಿಸೋದು. ಒಂದು ವರ್ಷದಿಂದ ಬರೋಣ ಬರೋಣ ಅಂತಾನೇ ಇದೀವಿ. ಯಾವಾಗ ನೋಡಿದ್ರೂ ಆ ಗಾಜಿನ ಹತ್ರ ಜನ. ನಮ್ಮದೋ ಆರು ಜನದ ಗುಂಪು, ಎಲ್ಲಿ ಜಾಗ ಸಿಗುತ್ತೆ ಅಂತ ವಾಪಸ್ ಹೋಗ್ಬಿಡ್ತಿದ್ವಿ. ಇವತ್ತು ಖಾಲಿ ಕಾಣ್ತಲ್ಲ, ಕೇಳ್ಕೊಂಡು ಬರ್ತೀನಿ ಅಂತ ಬಂದೆ."

ಭಾವಮೈದುನನ ಕೈಯಲ್ಲಿದ್ದ ಲೋಟ ಕೈಯಲ್ಲೇ ಉಳಿಯಿತು. ಒಂದು ವರ್ಷ ಆ ಗಾಜಿನ ಹತ್ತಿರ ಕೂತಿದ್ದ 'ಜನ' ಅವನೇ. ಅವನು ತಲೆ ತಗ್ಗಿಸಿದ.

ಬಿಸಿಯಣ್ಣ ಅವಳನ್ನು ನೋಡಿದ, ಅವಳ ಹಿಂದೆ ರಸ್ತೆಯಾಚೆ ನಿಂತಿದ್ದವರನ್ನು ನೋಡಿದ. ದಿನಾ ಆರು ಜನ. ಬಹಳ ದಿನಗಳ ಮೇಲೆ ಅವನಿಗೆ ನೋವಾಯಿತು, ಸುಟ್ಟ ಬೆರಳಿಗೆ ತಡವಾಗಿ ಉರಿ ಹತ್ತುವ ಹಾಗೆ. ನಾಳೆ ಬನ್ನಿ ಎನ್ನಬಹುದಿತ್ತು. ದೊಡ್ಡ ಜಾಗಕ್ಕೆ ಹೋಗ್ತಿದೀವಿ, ಅಲ್ಲಿಗೆ ಬನ್ನಿ ಎನ್ನಬಹುದಿತ್ತು. ಅಂಥ ಮಾತುಗಳೆಲ್ಲ ಬಾಯಲ್ಲಿ ಸಾಲುಗಟ್ಟಿ ನಿಂತಿದ್ದವು.

"ಖಾಲಿಯಾಗೇ ಇತ್ತಮ್ಮ," ಎಂದ. "ಯಾವಾಗ್ಲೂ ಖಾಲಿಯಾಗೇ ಇತ್ತು. ಅಲ್ಲಿ ಕೂತಿದ್ದೋರು ನಮ್ಮ ಮನೆಯವರು. ವ್ಯಾಪಾರ ನಡೀಲೇ ಇಲ್ಲ."

ಅವಳು ಒಳಗೆಲ್ಲ ಕಣ್ಣಾಡಿಸಿದಳು. ಬರಿದಾದ ನೆಲ, ಬಿಚ್ಚಿದ ಪೈಪು, ಪೇಪರು ಸುತ್ತಿದ ಲೋಟಗಳು ಆಗ ಕಣ್ಣಿಗೆ ಬಿದ್ದಿರಬೇಕು. ಅಯ್ಯೋ ಎಂದಳು ಮೆಲ್ಲಗೆ. ಆಚೆ ಬಸ್ಸು ಬಂತೆಂದು ಗೆಳತಿಯರು ಕೂಗಿದರು. ಅವಳು ಏನೋ ತಪ್ಪು ಮಾಡಿದವಳ ಹಾಗೆ ಎರಡು ಸಲ ತಿರುಗಿ ನೋಡುತ್ತ ರಸ್ತೆ ದಾಟಿದಳು. ಬಸ್ಸು ಅವರನ್ನು ಹತ್ತಿಸಿಕೊಂಡು ಹೊರಟುಹೋಯಿತು.

"ಯಾರ್ರೀ ಅದು?" ಎಂದು ಒಳಗಿನಿಂದ ಹೆಂಡತಿ ಕೇಳಿದಳು.

"ಗಿರಾಕಿ," ಎಂದ ಬಿಸಿಯಣ್ಣ.

ನೀರಿನ ಸದ್ದು ನಿಂತಿತು. ಅವಳು ಸೆರಗಿಗೆ ಕೈ ಒರೆಸಿಕೊಳ್ಳುತ್ತ, ಹಣೆಯ ಮೇಲಿನ ಕೂದಲು ಸರಿಮಾಡಿಕೊಳ್ಳುತ್ತ, ಗಲ್ಲಾ ಇದ್ದ ಜಾಗಕ್ಕೆ ಬಂದು ನಿಂತಳು.